ಕಿಟ್ ಗಿಟಾರಿಗೆ ಮನೆಯಲ್ಲೇ ಬಣ್ಣ: ಮೊದಲು ಹವೆ ನೋಡಿ

ಎಲೆಕ್ಟ್ರಿಕ್ ಗಿಟಾರ್ ಕಿಟ್ಟಿನ ಪೆಟ್ಟಿಗೆ ಬಿಚ್ಚಿದರೆ ಬೇಕಾದ್ದೆಲ್ಲ ಒಳಗಿರುತ್ತದೆ: ಬಣ್ಣ ಕಾಣದ ಮರದ ಬಾಡಿ, ನೆಕ್, ಪಿಕಪ್‌ಗಳು, ಬ್ರಿಡ್ಜ್, ತಂತಿ ಬಿಗಿಯುವ ಬಿರಡೆಗಳು, ಒಂದು ಹಿಡಿ ಸ್ಕ್ರೂ. ಜೊತೆಗೆ ಬರುವ ಒಂದು ಹಾಳೆಯಲ್ಲಿ ಯಾವ ವೈರ್ ಎಲ್ಲಿ ಬೆಸೆಯಬೇಕೆಂದು ಚಿತ್ರ ಇರುತ್ತದೆ. ಮರಕ್ಕೆ ಏನು ಮಾಡಬೇಕೆಂದು ಮಾತ್ರ ಒಂದಕ್ಷರವೂ ಇರುವುದಿಲ್ಲ. ಹೀಗಾಗಿ ಗಣೇಶ ಹಬ್ಬದೊಳಗೆ ಗಿಟಾರ್ ತಯಾರಾಗಬೇಕೆಂದು ನಿಪ್ಪಾಣಿಯ ಹುಡುಗನೊಬ್ಬ ಆಷಾಢದ ಜಿಟಿಜಿಟಿ ಮಳೆಯಲ್ಲೇ ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳುತ್ತಾನೆ. ಸಂಜೆ ನೋಡಿದರೆ ಕೆಂಪು ಬಾಡಿಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಸುಕು. ಡಬ್ಬಿ ಕಳಪೆ ಎಂದು ಅಂಗಡಿಯವನ ಮೇಲೆ ಸಿಟ್ಟು ಬರುತ್ತದೆ. ಡಬ್ಬಿ ಸರಿಯಾಗಿಯೇ ಇತ್ತು, ತಿಂಗಳು ಸರಿ ಇರಲಿಲ್ಲ.

ಪೇಂಟಿನಲ್ಲಿರುವ ಥಿನ್ನರ್ ಬೇಗ ಆವಿಯಾಗುವ ದ್ರವ. ಆವಿಯಾಗುವಾಗ ಅದು ಮೇಲ್ಮೈಯ ಬಿಸಿಯನ್ನು ತನ್ನೊಡನೆ ಒಯ್ಯುತ್ತದೆ, ಹಸಿ ಪದರ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತೇವ ತಣ್ಣನೆಯ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೂತು ಅಲ್ಲೇ ಸಿಕ್ಕಿಬೀಳುತ್ತದೆ. ಪೇಂಟರುಗಳು ಇದಕ್ಕೆ ಬ್ಲಶಿಂಗ್ ಅನ್ನುತ್ತಾರೆ. ಇದು ಗೊತ್ತಿದ್ದರೆ ಬಣ್ಣ ಆರಿಸುವ ಮೊದಲು ತಿಂಗಳು ಆರಿಸುತ್ತೀರಿ.

ನಿಪ್ಪಾಣಿಯಿಂದ ಅಥಣಿಯವರೆಗಿನ ನಮ್ಮ ಭಾಗದ ಹವೆ ಒಂದೇ ತೆರನಲ್ಲ. ನಿಪ್ಪಾಣಿ ಸಹ್ಯಾದ್ರಿಗೆ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಅಲ್ಲಿ ಸ್ಪ್ರೇ ಕೆಲಸ ಬೇಡ. ಪೂರ್ವಕ್ಕೆ ಅಥಣಿಯ ಕಡೆ ಸರಿದಂತೆ ಮಳೆ ಕಡಿಮೆ, ಮಳೆಗಾಲದಲ್ಲೂ ಒಣ ದಿನಗಳು ಸಿಗುತ್ತವೆ. ಆದರೆ ಅಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿನದು ಬೇರೆ ಕಾಟ: ಡಬ್ಬಿಯಿಂದ ಹೊರಟ ಹನಿ ಮರ ಮುಟ್ಟುವ ಮೊದಲೇ ಅರ್ಧ ಒಣಗಿ ಮೇಲ್ಮೈ ಉಸುಕು ಉಸುಕಾಗುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ತೇವವೂ ಕಡಿಮೆ, ಬಿಸಿಲೂ ಹಿತ. ಕಬ್ಬು ನುರಿಸುವ ಹಂಗಾಮೂ ಅದೇ. ಉಗಾರ, ರಾಯಬಾಗ, ಅಥಣಿ, ಚಿಕ್ಕೋಡಿ ಸುತ್ತಮುತ್ತ ಸಕ್ಕರೆ ಕಾರ್ಖಾನೆಯ ಚಿಮಣಿಯ ಕರಿ ಕಣ, ಕಟಾವಾದ ಹೊಲದಲ್ಲಿ ಒಣ ಸೋಗೆ (ರವದಿ) ಸುಟ್ಟ ಬೂದಿ ಎಲ್ಲ ಗಾಳಿಯಲ್ಲೇ ತೇಲುತ್ತಿರುತ್ತವೆ. ಒಣಹಾಕಿದ ಬಟ್ಟೆಯ ಮೇಲೆ ಕರಿ ಚುಕ್ಕೆ ಬೀಳುವ ಊರು ನಿಮ್ಮದಾಗಿದ್ದರೆ ಹಸಿ ಗಿಟಾರನ್ನು ಅದೇ ಅಂಗಳದಲ್ಲಿ ತೂಗುಹಾಕಬೇಡಿ.

ನನ್ನ ಮತ, ನುರಿಸುವ ಹಂಗಾಮು ಮುಗಿಯುತ್ತ ಬರುವ ಫೆಬ್ರುವರಿ ಕೊನೆ ಮತ್ತು ಮಾರ್ಚ್ ತಿಂಗಳಿಗೆ. ಇಬ್ಬನಿ ಪೂರ್ತಿ ಆರಿದ ಮೇಲೆ, ಬೆಳಿಗ್ಗೆ 9ರಿಂದ 11ರೊಳಗೆ, ಗಾಳಿ ಏಳುವ ಮುನ್ನ ಕೆಲಸ ಮಾಡಿ. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಒಂದನ್ನು ಕೊಳ್ಳಿ, ಹೆಚ್ಚೇನೂ ಖರ್ಚಿಲ್ಲ. ಅದು ಶೇ. 65ರ ಒಳಗಿದ್ದರೆ ಹೊಡೆಯಿರಿ. ಶೇ. 75 ದಾಟಿದರೆ ಡಬ್ಬಿ ಮುಚ್ಚಿಡಿ.

ಮಿರಜದ ಕೈ, ಕಾರಿನ ಬಣ್ಣ

ವಾದ್ಯಕ್ಕೆ ಹೊಳಪು ಕೊಡುವ ಕೆಲಸ ನಮ್ಮ ಭಾಗಕ್ಕೆ ಹೊಸದಲ್ಲ. ಕಾಗವಾಡ ದಾಟಿದರೆ ಮಿರಜ. ಹತ್ತೊಂಬತ್ತನೆಯ ಶತಮಾನದಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದ ಫರೀದಸಾಹೇಬರು ತಂತಿವಾದ್ಯ ಮಾಡುವ ಕಸುಬಿಗೆ ಇಳಿದರು. ಆ ಪರಂಪರೆಯವರು ಇಂದಿಗೂ ಅಲ್ಲಿ ಸಿತಾರ್, ತಂಬೂರಿ ತಯಾರಿಸುತ್ತಾರೆ. 2024ರಲ್ಲಿ ಎರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಅವುಗಳ ಹಳೆಯ ಹೊಳಪು ಅರಗಿನದು. ಬಡಿಗರು ಚಂದ್ರಸ್ ಅನ್ನುವ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಗಂಟಿನಿಂದ ತೆಳುವಾಗಿ ಮತ್ತೆ ಮತ್ತೆ ಎಳೆಯುವುದು.

ಅತ್ತ ಅಮೆರಿಕದಲ್ಲಿ ಲಿಯೊ ಫೆಂಡರ್ 1950ರಲ್ಲಿ ಗಟ್ಟಿ ಮರದ ಬಾಡಿಗೆ ನೆಕ್ಕನ್ನು ಸ್ಕ್ರೂನಿಂದ ಬಿಗಿಯುವ ಗಿಟಾರನ್ನು ಮಾರುಕಟ್ಟೆಗೆ ಬಿಟ್ಟ. ಇವತ್ತಿನ ಬಹುಪಾಲು ಕಿಟ್‌ಗಳು ಅದೇ ಜಾಯಮಾನದವು. ಅವನ ಕಂಪನಿ ವಿಶೇಷ ಬಣ್ಣಗಳಿಗೆ ಬಳಸಿದ್ದು ಡ್ಯುಪಾಂಟ್‌ನ ಕಾರು ಪೇಂಟ್. ಹೆಸರಾದ ಫಿಯೆಸ್ಟಾ ರೆಡ್ ಫೋರ್ಡ್ ಕಾರಿನದೇ ಬಣ್ಣ. ಆದ್ದರಿಂದ ಹೆದ್ದಾರಿ ಪಕ್ಕದ ಆಟೊ ಪೇಂಟ್ ಅಂಗಡಿಗೆ ಹೋಗಿ ಗಿಟಾರಿಗೆ ಬಣ್ಣ ಕೇಳಲು ಸಂಕೋಚ ಬೇಡ.

ಒಂದು ವ್ಯತ್ಯಾಸ ನೆನಪಿಡಿ. ತಂಬೂರಿಯಲ್ಲಿ ತಬಲಿ ಎಂಬ ಮೇಲ್ಹಲಗೆಯೇ ಕಂಪಿಸಿ ನಾದ ಹೊರಡಿಸುತ್ತದೆ, ಅಲ್ಲಿ ದಪ್ಪ ಪೇಂಟ್ ಮೆತ್ತಿದರೆ ನಾದ ಕಟ್ಟಿಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ಪಿನ ಅಯಸ್ಕಾಂತ ಉಕ್ಕಿನ ತಂತಿಯ ಅಲುಗಾಟವನ್ನೇ ನೇರ ಹಿಡಿಯುತ್ತದೆ. ಯಾವ ಬಣ್ಣದಿಂದ ಎಂಥ ಟೋನ್ ಎಂಬ ಚರ್ಚೆಯನ್ನು ಮುಂದುವರಿಸುವವರು ಮುಂದುವರಿಸಲಿ. ನಿಮಗೆ ಬಣ್ಣ ಬೇಕಾಗಿರುವುದು ಮರವನ್ನು ಬೆವರು, ತೇವದಿಂದ ಕಾಯಲು ಮತ್ತು ಚೆಂದಕ್ಕೆ. ತೆಳುವಾಗಿ ಹಚ್ಚಬೇಕಾದ ಕಾರಣ ಬೇರೆ: ದಪ್ಪ ಪದರ ಒಣಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಬಿರುಕು ಬಿಡುತ್ತದೆ, ನೆಕ್ ಕೂರುವ ಜಾಗವನ್ನು ಇರುಕಾಗಿಸುತ್ತದೆ.

ಬಣ್ಣವೋ, ಪಾಲಿಶ್ಶೋ?

ಮರ ನೋಡಿ ನಿರ್ಧರಿಸಿ. ಅಗ್ಗದ ಕಿಟ್‌ಗಳಲ್ಲಿ ಬರುವ ಬಾಸ್‌ವುಡ್ ಬಿಳಿಚು, ಮೆತ್ತಗೆ. ಅದರ ಎಳೆಗಳಲ್ಲಿ ನೋಡುವಂಥದ್ದೇನೂ ಇಲ್ಲ, ಎಳೆ ಕಾಣುವಂತೆ ಬಣ್ಣ ಹಿಡಿಸುವ ಸ್ಟೇನ್ ಹಚ್ಚಿದರೆ ಕಲೆಕಲೆಯಾಗಿ ಹೀರುತ್ತದೆ. ಅದಕ್ಕೆ ಮರ ಮುಚ್ಚುವ ಸ್ಪ್ರೇ ಬಣ್ಣವೇ ಸರಿ. ಮಹೋಗನಿ ಅಥವಾ ಆ್ಯಶ್ ಆಗಿದ್ದರೆ ಎಳೆಗಳನ್ನು ಮುಚ್ಚುವುದು ಅನ್ಯಾಯ. ಸ್ಟೇನ್ ಕೊಟ್ಟು ಮೇಲೆ ಚಂದ್ರಸ್ ಎಳೆಯಿರಿ.

ಮೊದಲ ಸಲ ಮಾಡುವವರಿಗೆ, ಮರ ಒಪ್ಪುವಂತಿದ್ದರೆ, ನಾನು ಚಂದ್ರಸ್ಸನ್ನೇ ಹೇಳುತ್ತೇನೆ. ಸ್ಪ್ರೇ ಮಂಜು ಇಲ್ಲ. ಕೆಲವೇ ನಿಮಿಷಗಳಲ್ಲಿ ಒಣಗುವುದರಿಂದ ಕಾರ್ಖಾನೆಯ ಕರಿಗೆ ಅಂಟಲು ಪುರಸೊತ್ತಿಲ್ಲ. ತಪ್ಪಾದರೆ ಸ್ಪಿರಿಟ್ ಹಾಕಿ ಒರೆಸಿ ಮತ್ತೆ ಶುರು ಮಾಡಬಹುದು. ದೋಷವೂ ಇದೆ: ಬಿಸಿ, ಬೆವರು, ಸೆಂಟು, ಸ್ಯಾನಿಟೈಸರ್ ಇದಕ್ಕೆ ಆಗದು. ಮುಂಗೈ ಒರಗುವ ಜಾಗ ಒಂದೆರಡು ವರ್ಷದಲ್ಲಿ ಮಾಸುತ್ತದೆ. ಹೊಸ ಕೋಟು ಹಳೆಯದರೊಳಗೆ ಕರಗಿ ಬೆರೆಯುವುದರಿಂದ ರಿಪೇರಿ ಮಾತ್ರ ಸುಲಭ. ಮಳೆಗಾಲದಲ್ಲಿ ಇದೂ ಬಿಳಿಚಿಕೊಳ್ಳುತ್ತದೆ, ಹವೆಯ ನಿಯಮದಿಂದ ಇದಕ್ಕೆ ವಿನಾಯಿತಿ ಇಲ್ಲ.

ಎರಡಕ್ಕೂ ಸಮಾನವಾದ ತಯಾರಿ

1. ಮೊದಲು ಬಣ್ಣವಿಲ್ಲದೆ ಪೂರ್ತಿ ಜೋಡಿಸಿ ನೋಡಿ. ಬಣ್ಣ ಹಚ್ಚಿದ ಮೇಲೆ ಮರ ಕೆತ್ತಿದರೆ, ತೂತು ಕೊರೆದರೆ ಪದರ ಸಿಡಿಯುತ್ತದೆ. ನೆಕ್ ಕೂರಿಸಿ, ಎರಡು ಅಂಚಿನ ತಂತಿಗಳನ್ನು ಎಳೆದು, ಅವು ನೆಕ್ಕಿನ ಎರಡೂ ಬದಿಯಿಂದ ಸಮದೂರದಲ್ಲಿವೆಯೇ ನೋಡಿ. ನೆಕ್ ತುದಿಯಲ್ಲಿ ತಂತಿ ಹಾಯುವ ನಟ್‌ನಿಂದ 12ನೆಯ ಫ್ರೆಟ್‌ವರೆಗಿನ ಅಳತೆಯ ಎರಡರಷ್ಟು ದೂರಕ್ಕೆ ಬ್ರಿಡ್ಜಿನ ಸ್ಯಾಡಲ್ ಬರಬೇಕು. ಫೆಂಡರ್ ಮಾದರಿಯಲ್ಲಿ ಇದು ಸುಮಾರು 648 ಮಿ.ಮೀ. ಎಲ್ಲ ಸ್ಕ್ರೂಗಳಿಗೂ ತೆಳು ಬಿಟ್‌ನಿಂದ ದಾರಿ ತೂತು ಈಗಲೇ ಕೊರೆಯಿರಿ. ಹೆಡ್‌ಸ್ಟಾಕ್ ಬರೀ ಹಲಗೆಯಾಗಿ ಬಂದಿದ್ದರೆ ಅದನ್ನು ಆಕಾರಕ್ಕೆ ಕೊಯ್ಯುವುದೂ ಈಗಲೇ. ಕೈ ನಡುಗುತ್ತದೆ ಅನಿಸಿದರೆ ಊರಿನ ಬಡಿಗರ ಬಳಿ ಒಯ್ಯಿರಿ, ಅವರ ಜಿಗ್‌ಸಾಗೆ ಅದು ಹತ್ತು ನಿಮಿಷದ ಕೆಲಸ.

2. ಅಂಟಿನ ಕಲೆ ಹುಡುಕಿ. ಕಾರ್ಖಾನೆಯಲ್ಲಿ ಹಲಗೆ ಜೋಡಿಸಿದ ಅಂಟು ಅಲ್ಲಲ್ಲಿ ಹರಡಿರುತ್ತದೆ, ಬರಿಗಣ್ಣಿಗೆ ಕಾಣದು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಇಡೀ ಬಾಡಿ ಒರೆಸಿ. ಸುತ್ತಲ ಮರ ಕಪ್ಪಾದರೂ ಕಪ್ಪಾಗದೆ ಉಳಿದ ತೇಪೆಯೇ ಅಂಟು. ಅಲ್ಲಿ ಸ್ಟೇನ್ ಹಿಡಿಯುವುದಿಲ್ಲ, ಹರಿತವಾದ ಬ್ಲೇಡಿನಿಂದ ಹೆರೆದು ತೆಗೆಯಿರಿ.

3. ಉಜ್ಜಿ. ಅಂಗಡಿಯಲ್ಲಿ ಬರೀ ಜೀರೋ ಪೇಪರ್ ಎಂದು ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಕೊಡುತ್ತಾರೆ. ನಂಬರ್ ಹೇಳಿ: 150, 220, 320. ಚಪ್ಪಟೆ ಜಾಗದಲ್ಲಿ ಕಾಗದವನ್ನು ಮರದ ತುಂಡಿಗೆ ಸುತ್ತಿ, ಎಳೆಯ ದಿಕ್ಕಿನಲ್ಲೇ ಉಜ್ಜಿ. 220 ಆದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿ. ಮಲಗಿದ್ದ ನಾರುಗಳು ನೀರಿಗೆ ಎದ್ದು ನಿಲ್ಲುತ್ತವೆ, ಅವನ್ನು 320ರಲ್ಲಿ ತೆಗೆದುಬಿಟ್ಟರೆ ಮುಂದೆ ಪೇಂಟಿನೊಳಗೆ ಏಳುವುದಿಲ್ಲ. ಬಾಡಿಯ ಮೇಲೆ ಚಿತ್ತಾರದ ವೆನಿಯರ್ ಇದ್ದರೆ ಅದು ಕಾಗದದಷ್ಟೇ ತೆಳು, 320ರಲ್ಲಿ ನಾಲ್ಕೈದು ಎಳೆತ ಸಾಕು. ಅಂಚಿನಲ್ಲಿ ಅದೂ ಬೇಡ.

4. ಬಾಡಿಗೆ ಹಿಡಿಕೆ ಮಾಡಿ. ನೆಕ್ ಕೂರುವ ಕುಳಿಗೆ, ಅದರ ಸ್ಕ್ರೂ ತೂತುಗಳ ಮೂಲಕವೇ, ಒಂದಡಿ ಉದ್ದದ ಪಟ್ಟಿ ಬಿಗಿಯಿರಿ. ಆ ಕುಳಿಗೆ ಬಣ್ಣ ತಾಗದಂತೆ ಮಾಸ್ಕಿಂಗ್ ಟೇಪ್ ಹಾಕಿ. ಅಲ್ಲಿ ಮರಕ್ಕೆ ಮರ ಬಿಗಿಯಾಗಿ ಕೂರಬೇಕು. ಪಟ್ಟಿಯ ತುದಿಗೆ ಕೊಕ್ಕೆ ಇದ್ದರೆ ತೂಗುಹಾಕಲೂ ಆಯಿತು, ಹಿಡಿದು ತಿರುಗಿಸಲೂ ಆಯಿತು.

5. ರಂಧ್ರ ಮುಚ್ಚಿ. ಮಹೋಗನಿ, ಆ್ಯಶ್ ಮರಗಳಲ್ಲಿ ಸೂಜಿಮೊನೆಯ ರಂಧ್ರಗಳಿರುತ್ತವೆ. ಗ್ರೇನ್ ಫಿಲ್ಲರನ್ನು ಎಳೆಗೆ ಅಡ್ಡವಾಗಿ ತುಂಬಿ, ಒಣಗಿದ ಮೇಲೆ ಉಜ್ಜಿ. ಸ್ಟೇನ್ ಕೊಡುವವರು ಮರದ ಬಣ್ಣಕ್ಕೆ ಹೊಂದುವ ಫಿಲ್ಲರ್ ತೆಗೆದುಕೊಂಡು, ಬಾಡಿಯ ಹಿಂಬದಿಯ ಮರೆಯಲ್ಲಿ ಒಮ್ಮೆ ಪರೀಕ್ಷಿಸಿ. ಬಾಸ್‌ವುಡ್‌ಗೆ ಫಿಲ್ಲರ್ ಬೇಡ.

ಸ್ಪ್ರೇ ಬಣ್ಣದ ದಾರಿ

ಮೊದಲು ಸ್ಯಾಂಡಿಂಗ್ ಸೀಲರ್. ಬಾಡಿಯ ಎರಡು ತುದಿಗಳಲ್ಲಿ ಮರದ ಅಡ್ಡಕೊಯ್ತ ಕಾಣುತ್ತದಲ್ಲ, ಅದು ಎಷ್ಟು ಪೇಂಟ್ ಕೊಟ್ಟರೂ ಕುಡಿಯುತ್ತದೆ. ಸೀಲರ್ ಆ ಬಾಯಿ ಮುಚ್ಚುತ್ತದೆ. ಎರಡು ಮೂರು ಕೋಟು ಕೊಟ್ಟು, ಮಧ್ಯೆ 320ರಲ್ಲಿ ಹಗುರಾಗಿ ಉಜ್ಜಿ. ಆಮೇಲೆ ಪ್ರೈಮರ್ ಎರಡು ಕೋಟು. ತಿಳಿ ಬಣ್ಣಕ್ಕೆ ಬಿಳಿ ಪ್ರೈಮರ್, ಗಾಢ ಬಣ್ಣಕ್ಕೆ ಬೂದು. ಪ್ರೈಮರ್ ಬಿದ್ದೊಡನೆ ಮರದ ಗೀರು, ಗುಂಡಿಗಳೆಲ್ಲ ಎದ್ದು ಕಾಣುತ್ತವೆ. ಬೇಸರಪಡದೆ ಇಲ್ಲೇ ತುಂಬಿ ಸರಿಮಾಡಿ. ಬಣ್ಣ ಗೀರನ್ನು ಮುಚ್ಚುತ್ತದೆ ಎಂಬುದು ಭ್ರಮೆ, ಹೊಳಪು ಹೆಚ್ಚಿದಷ್ಟೂ ಗೀರು ಹೆಚ್ಚು ಕಾಣುತ್ತದೆ.

ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. 20ರಿಂದ 25 ಸೆಂ.ಮೀ. ದೂರದಿಂದ, ಬಾಡಿಯ ಅಂಚಿನ ಆಚೆ ಒತ್ತಲು ಶುರು ಮಾಡಿ, ಇನ್ನೊಂದು ಅಂಚು ದಾಟಿದ ಮೇಲೆ ಬೆರಳು ಬಿಡಿ. ಮರದ ಮೇಲೆಯೇ ಶುರು ಮಾಡಿದರೆ ಅಲ್ಲೊಂದು ಹನಿ ಉಗುಳುತ್ತದೆ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಸರಿಯಲಿ. ಪ್ರತಿ ಎಳೆತವೂ ಹಿಂದಿನದರ ಅರ್ಧ ಮುಚ್ಚಲಿ. ಮೊದಲು ಬದಿಗಳು, ಆಮೇಲೆ ಹಿಂಭಾಗ, ಕೊನೆಗೆ ಮುಂಭಾಗ. ಮೊದಲ ಕೋಟಿನಲ್ಲಿ ಪ್ರೈಮರ್ ಇಣುಕುತ್ತಿದ್ದರೆ ಇಣುಕಲಿ, ಮೂರು ನಾಲ್ಕು ಕೋಟಿನಲ್ಲಿ ತಾನೇ ಮುಚ್ಚುತ್ತದೆ. ಕೋಟುಗಳ ನಡುವಿನ ಅಂತರ ಡಬ್ಬಿಯ ಮೇಲೇ ಬರೆದಿರುತ್ತದೆ. ಅದನ್ನು ಕನಿಷ್ಠ ಎಂದು ತಿಳಿಯಿರಿ.

ಬಣ್ಣದ ಮೇಲೆ ಕ್ಲಿಯರ್ ಲ್ಯಾಕರ್, ತೆಳುವಾಗಿ ಆರರಿಂದ ಎಂಟು ಕೋಟು, ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಬಣ್ಣ ಮತ್ತು ಕ್ಲಿಯರ್ ಒಂದೇ ಕಂಪನಿಯ, ಒಂದೇ ಜಾತಿಯವಾಗಿರಲಿ. ಎನಾಮಲ್ ಬಣ್ಣದ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆದರೆ ಅದರ ಥಿನ್ನರ್ ಕೆಳಗಿನ ಪದರವನ್ನು ಸುಕ್ಕಾಗಿಸುತ್ತದೆ. ಹಾಗೆ ಸುಕ್ಕಾದರೆ ಮರದವರೆಗೆ ಕೆರೆಯುವುದೊಂದೇ ಉಪಾಯ.

ಮೊದಲು ಹೇಳಿದ ಬಿಳಿ ಮಸುಕು ಬಂದೇಬಿಟ್ಟರೆ ಗಾಬರಿ ಬೇಡ. ಒಣ ಹವೆಯ ದಿನ ಕಾದು ಮೇಲೊಂದು ತೆಳು ಕ್ಲಿಯರ್ ಹೊಡೆಯಿರಿ. ಅದರ ಥಿನ್ನರ್ ಕೆಳ ಪದರವನ್ನು ಮೆತ್ತಗಾಗಿಸಿ ತೇವಕ್ಕೆ ಹೊರಬರಲು ದಾರಿ ಕೊಡುತ್ತದೆ, ಮಸುಕು ಸಾಮಾನ್ಯವಾಗಿ ಹೋಗುತ್ತದೆ.

ಇನ್ನು ಕಾಯುವುದು. ಬೆರಳಿಗೆ ಅಂಟುವುದಿಲ್ಲ ಎಂದರೆ ಒಣಗಿದೆ ಎಂದರ್ಥವಲ್ಲ. ಲ್ಯಾಕರ್ ಪದರದಿಂದ ಥಿನ್ನರ್ ಪೂರ್ತಿ ಹೊರಹೋಗಲು ಮೂರು ನಾಲ್ಕು ವಾರ ಬೇಕು, ಅಷ್ಟು ದಿನ ಪದರ ಕುಗ್ಗುತ್ತಲೇ ಇರುತ್ತದೆ. ಈಗಲೇ ಪಾಲಿಶ್ ಮಾಡಿದರೆ ತಿಂಗಳ ನಂತರ ಮರದ ಗೆರೆಗಳು ಮತ್ತೆ ತೋರುತ್ತವೆ. ಮೂಗು ಹತ್ತಿರ ಹಿಡಿಯಿರಿ. ಪೇಂಟಿನ ವಾಸನೆ ಇನ್ನೂ ಬರುತ್ತಿದ್ದರೆ ಇನ್ನೊಂದು ವಾರ ಬಿಡಿ. ಈ ಬಿಡುವಿನಲ್ಲಿ ನೆಕ್ಕಿನ ಕೆಲಸ ಮುಗಿಸಬಹುದು.

ಕೊನೆಯಲ್ಲಿ ವಾಟರ್ ಪೇಪರ್: 1000, 1500, 2000. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಕೈ ಹಗುರವಿರಲಿ, ಅಂಚುಗಳನ್ನು ಬಿಟ್ಟೇಬಿಡಿ, ಪದರ ಅಲ್ಲೇ ತೀರ ತೆಳು. ಸ್ಕ್ರೂ ತೂತುಗಳೊಳಗೆ ನೀರು ಇಳಿದರೆ ಮರ ಉಬ್ಬಿ ಸುತ್ತಲ ಪೇಂಟ್ ಸೀಳುತ್ತದೆ. ಮೊದಲೇ ಅಲ್ಲಿ ಮೇಣ ತುಂಬಿ. ಆಮೇಲೆ ಕಾರಿಗೆ ಬಳಸುವ ರಬ್ಬಿಂಗ್ ಕಾಂಪೌಂಡ್, ಮೆತ್ತನೆಯ ಬಟ್ಟೆ, ತೋಳಿನ ಶಕ್ತಿ.

ಚಂದ್ರಸ್ ದಾರಿ

100 ಮಿ.ಲೀ. ಸ್ಪಿರಿಟ್ಟಿಗೆ 20ರಿಂದ 25 ಗ್ರಾಂ ಚಂದ್ರಸ್ ಚಕ್ಕೆ ಹಾಕಿ ರಾತ್ರಿಯಿಡೀ ಬಿಡಿ. ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ ಗಾಜಿನ ಬಾಟಲಿಯಲ್ಲಿಡಿ. ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಬಾಟಲಿಯ ಮೇಲೆ ತಾರೀಖು ಬರೆಯಿರಿ. ಆರು ತಿಂಗಳ ಹಿಂದಿನ ದ್ರಾವಣ ಸರಿಯಾಗಿ ಗಟ್ಟಿಯಾಗದೆ ಜಿಗಟಾಗಿಯೇ ಉಳಿಯುವುದುಂಟು. ಮೊದಲು ಗಾಜಿನ ಮೇಲೆ ಹಚ್ಚಿ ನೋಡಿ.

ಸ್ಟೇನ್ ಕೊಟ್ಟು ಒಂದು ದಿನ ಒಣಗಿಸಿದ ಮೇಲೆ, ಹತ್ತಿಯ ಉಂಡೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಗಂಟು ಮಾಡಿ. ದ್ರಾವಣ ಕುಡಿಸಿ, ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ತೆಗೆಯಿರಿ. ಸ್ಟೇನ್ ಸ್ಪಿರಿಟ್ಟಿನದಾಗಿದ್ದರೆ ಮೊದಲ ಕೋಟು ಒಂದೇ ಎಳೆತದಲ್ಲಿ ಮುಗಿಯಲಿ, ಇಲ್ಲದಿದ್ದರೆ ಸ್ಟೇನ್ ಕರಗಿ ಗಂಟಿಗೆ ಬರುತ್ತದೆ. ಮುಂದಿನ ಕೋಟುಗಳಲ್ಲಿ ಗಂಟಿನ ತಳಕ್ಕೆ ಎಣ್ಣೆಯ ಒಂದೇ ಒಂದು ಹನಿ, ಜಾರಲು ಮಾತ್ರ. ವಿಮಾನ ಇಳಿದು ಏರುವ ರೀತಿಯಲ್ಲಿ ಚಲಿಸುತ್ತಲೇ ಮುಟ್ಟಿ, ಚಲಿಸುತ್ತಲೇ ಎತ್ತಿ. ಮೇಲ್ಮೈ ಮೇಲೆ ನಿಂತಿರೋ, ಕೆಳಗಿನ ಪದರ ಕರಗಿ ಬಟ್ಟೆಯ ಗುರುತು ಕೂತುಬಿಡುತ್ತದೆ. ದಿನಕ್ಕೆ ನಾಲ್ಕೈದು ಕೋಟು, ಮಧ್ಯೆ ಅರ್ಧ ಗಂಟೆ, ಎರಡು ದಿನಕ್ಕೊಮ್ಮೆ 400ರಲ್ಲಿ ಹಗುರವಾದ ಉಜ್ಜು. ವಾರದಲ್ಲಿ ಹೊಳಪು ಕಟ್ಟುತ್ತದೆ. ಕೈಚಳಕ ನೋಡಬೇಕೆಂದಿದ್ದರೆ ಮಿರಜಕ್ಕೆ ಒಮ್ಮೆ ಹೋಗಿ ಬನ್ನಿ, ಎಷ್ಟು ಓದಿದರೂ ಗಂಟಿನ ಒತ್ತಡ ಕಣ್ಣಾರೆ ಕಂಡ ಹಾಗೆ ತಿಳಿಯದು.

ನೆಕ್

ಬೆರಳು ಓಡುವ ಹಲಗೆ ರೋಸ್‌ವುಡ್ ಆಗಿದ್ದರೆ ಅದಕ್ಕೆ ಲ್ಯಾಕರ್ ಹಚ್ಚಬೇಡಿ, ಟೇಪ್ ಹಾಕಿ ಮುಚ್ಚಿ. ಮೇಪಲ್ ಆಗಿದ್ದರೆ ತೆಳು ಕ್ಲಿಯರ್ ಬೇಕು, ಇಲ್ಲವಾದರೆ ಬೆವರಿಗೆ ಕಪ್ಪಾಗುತ್ತದೆ. ನೆಕ್ಕಿನ ಬೆನ್ನಿಗೆ ಎರಡು ಮೂರು ಕೋಟು ಸಾಕು. ಹೊಳಪು ಹೆಚ್ಚಾದರೆ ನಮ್ಮ ಮೇ ತಿಂಗಳಲ್ಲಿ ಹೆಬ್ಬೆರಳು ಅಂಟಿಕೊಳ್ಳುತ್ತದೆ. 1000ರ ಕಾಗದದಿಂದ ಮಬ್ಬುಗೊಳಿಸಿ. ಉಕ್ಕಿನ ಉಣ್ಣೆ ಬಳಸುವುದಾದರೆ ಪಿಕಪ್‌ಗಳು ಆ ಕೋಣೆಯಲ್ಲೇ ಇರಬಾರದು, ಉಕ್ಕಿನ ಪುಡಿಯನ್ನು ಅಯಸ್ಕಾಂತ ಎಳೆದುಕೊಂಡರೆ ಬಿಡಿಸಲು ಬಾರದು.

ಹೆಚ್ಚಾಗಿ ಆಗುವ ತಪ್ಪುಗಳು

ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಬಾಡಿ ಮುಟ್ಟುವುದು. ಎಣ್ಣೆ ಅಥವಾ ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್ಶಿನ ಸಿಲಿಕೋನ್ ತಾಗಿದ ಜಾಗದಲ್ಲಿ ಪೇಂಟ್ ಹಿಂದೆ ಸರಿದು ಮೀನಿನ ಕಣ್ಣಿನಂಥ ಕುಳಿಗಳಾಗುತ್ತವೆ. ಒಗ್ಗರಣೆ ಹೊಗೆ ಬರುವ ಅಡುಗೆಮನೆಯ ಪಕ್ಕ ಕೆಲಸ ಇಟ್ಟುಕೊಂಡರೂ ಅದೇ ಪಾಡು.

ಫ್ಯಾನ್ ಹಾಕಿ ಒಣಗಿಸುವುದು. ಧೂಳು ಏಳುತ್ತದೆ, ಮೇಲ್ಪದರ ಮೊದಲು ಗಟ್ಟಿಯಾಗಿ ಒಳಗಿನ ಥಿನ್ನರ್ ಗುಳ್ಳೆಯಾಗಿ ಒಡೆಯುತ್ತದೆ. ಬಿಸಿಲಿಗಿಟ್ಟರೂ ಹೀಗೇ.

ಇಳಿದ ಹನಿಯನ್ನು ಹಸಿಯಲ್ಲೇ ಒರೆಸುವುದು. ಮುಟ್ಟದೆ ಬಿಡಿ. ಒಂದೆರಡು ದಿನದ ನಂತರ ಬ್ಲೇಡಿನಿಂದ ಹೆರೆದು 600ರಲ್ಲಿ ಸಮ ಮಾಡಿ.

ಟೇಪನ್ನು ಗಟ್ಟಿಯಾದ ಪೇಂಟಿನೊಂದಿಗೇ ಜಗ್ಗುವುದು. ಮೊದಲು ಟೇಪಿನ ಅಂಚಿನುದ್ದಕ್ಕೂ ಬ್ಲೇಡಿನಿಂದ ಗೀರು ಹಾಕಿ, ಆಮೇಲೆ ಬಿಡಿಸಿ.

ಎಚ್ಚರಿಕೆ

ಥಿನ್ನರ್, ಸ್ಪಿರಿಟ್, ಸ್ಪ್ರೇ ಮಂಜು ಎಲ್ಲವೂ ಬೆಂಕಿ ಹಿಡಿಯುವಂಥವು. ಒಲೆ, ದೇವರ ದೀಪ, ಬೀಡಿ, ಸ್ವಿಚ್ಚಿನ ಕಿಡಿ ಹತ್ತಿರ ಇರಕೂಡದು. ಬಾಗಿಲು, ಕಿಟಕಿ ತೆರೆದಿರಲಿ. ಮೂಗಿಗೆ ಕಟ್ಟಿದ ಕರವಸ್ತ್ರ ಧೂಳನ್ನೇ ಸರಿಯಾಗಿ ತಡೆಯದು, ಥಿನ್ನರ್ ಆವಿಯನ್ನಂತೂ ತಡೆಯುವುದೇ ಇಲ್ಲ. ಇದ್ದಿಲು ಫಿಲ್ಟರ್ ಇರುವ ಮಾಸ್ಕ್ ಬೇಕು. ಪಾಲಿಶ್ ಸ್ಪಿರಿಟ್ ವಿಷ. ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ.

ಅಗಸೆ ಎಣ್ಣೆಯ ಫಿನಿಶ್ ಹಚ್ಚುವವರು ಒಂದು ವಿಷಯ ತಿಳಿದಿರಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ. ಪೇಂಟ್ ಅಂಗಡಿಯ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣ ಬೆರೆತಿರುವುದುಂಟು, ಅದನ್ನು ಅಡುಗೆಮನೆಯ ಹತ್ತಿರವೂ ಇಡಬೇಡಿ.

ಹಾರ್ಡನರ್ ಬೆರೆಸುವ ಎರಡು ಡಬ್ಬಿಯ ಪಿಯು (ಪಾಲಿಯುರಿಥೇನ್) ಪೇಂಟನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ. ಅದರ ಐಸೊಸಯನೇಟ್ ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು. ಆ ಗಾಜಿನಂಥ ಹೊಳಪೇ ಬೇಕೆಂದರೆ ಉಜ್ಜುವ, ಸೀಲರ್ ಹಚ್ಚುವ ಕೆಲಸ ನೀವು ಮುಗಿಸಿ, ಸ್ಪ್ರೇ ಬೂತ್ ಇರುವ ಕಾರು ಪೇಂಟರ್ ಬಳಿ ಒಯ್ಯಿರಿ. ಅವರಿಗೆ ಮೂರು ಮಾತು ಹೇಳಿ: ಪದರ ತೆಳುವಿರಲಿ, ತೂತುಗಳಿಗೆ ಪುಟ್ಟಿ ತುಂಬಬೇಡಿ, ಓವನ್ನಿನಲ್ಲಿ ಇಡಬೇಡಿ. ಕಾರಿನ ತಗಡು ತಾಳುವ ಬಿಸಿಗೆ ಮರದ ಅಂಟು ಬಿಟ್ಟುಕೊಳ್ಳುತ್ತದೆ.

ಮರಳಿ ಜೋಡಿಸುವಾಗ

ಸ್ಕ್ರೂ ತಿರುಗಿಸುವ ಮುನ್ನ ಪ್ರತಿ ತೂತಿನ ಬಾಯಿಯನ್ನೂ ದಪ್ಪ ಡ್ರಿಲ್ ಬಿಟ್ಟಿನಿಂದ, ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಅಗಲಿಸಿ. ಇಲ್ಲದಿದ್ದರೆ ಸ್ಕ್ರೂ ಎಳೆ ಪೇಂಟನ್ನು ಎತ್ತಿ ಚಕ್ಕೆ ಎಬ್ಬಿಸುತ್ತದೆ. ಸ್ಕ್ರೂಗೆ ಮೇಣದಬತ್ತಿ ಸವರಿ. ಸಾಬೂನು ಬೇಡ, ತೇವ ಹಿಡಿದು ತುಕ್ಕು ತರುತ್ತದೆ. ಬ್ರಿಡ್ಜಿನ ಕೆಳಗೆ ಬರುವ ಅರ್ಥಿಂಗ್ ವೈರ್ ಬರಿ ಲೋಹಕ್ಕೆ ತಾಗಬೇಕು. ಮಧ್ಯೆ ಪೇಂಟ್ ಸಿಕ್ಕಿದರೆ ಗುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಪಿಕಪ್ ಕುಳಿಗಳಿಗೆ ತಾಮ್ರದ ಟೇಪ್ ಅಂಟಿಸಿ ಅದನ್ನೂ ಅರ್ಥಿಂಗ್‌ಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಇಷ್ಟಾದರೂ ಸದ್ದಿದ್ದರೆ, ತಂತಿ ಮುಟ್ಟಿದಾಗ ಜುಮ್ಮೆಂದರೆ, ಗಿಟಾರ್ ಬಿಚ್ಚಬೇಡಿ, ಗೋಡೆಯ ಪ್ಲಗ್ ನೋಡಿ. ಹಳೆಯ ಮನೆಗಳಲ್ಲಿ ಮೂರನೆಯ ತೂತಿಗೆ ಅರ್ಥ್ ತಂತಿಯೇ ಇರದಿರಬಹುದು. ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ಥಿಗೇ ಸೇರಿರುವುದರಿಂದ ಇದು ಜೀವಕ್ಕೆ ಸಂಬಂಧಿಸಿದ ಮಾತು. ಎಲೆಕ್ಟ್ರಿಶಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸುವವರೆಗೆ ಪ್ಲಗ್ ಹಾಕಬೇಡಿ.

ಉಳಿದ ಬಣ್ಣವನ್ನು ಒಂದು ಸಣ್ಣ ಗಾಜಿನ ಬಾಟಲಿಗೆ ಹೊರಗೆ ಬಯಲಿನಲ್ಲಿ ಸಿಂಪಡಿಸಿ, ಗುಳ್ಳೆ ಏಳುವುದು ಪೂರ್ತಿ ನಿಂತ ಮೇಲೆ ಮುಚ್ಚಳ ಬಿಗಿದು, ಬಣ್ಣದ ನಂಬರ್ ಬರೆದಿಡಿ. ಸ್ಟ್ರ್ಯಾಪ್ ಜಾರಿ ಗಿಟಾರ್ ಮೊದಲ ಸಲ ಫರಸಿಗೆ ತಾಗಿದ ದಿನ ಅದು ಬೇಕಾಗುತ್ತದೆ.